ನಿದ್ದೆಗೊಬ್ಬ ಸಾಕ್ಷಿ

ಕನ್ನಡದವರು ಸೇರಿದಲ್ಲೆಲ್ಲ ಉಮಾಶಂಕರನ ಗೊರಕೆ ಒಂದು ಹಳೆಯ ತಮಾಷೆಯಾಗಿತ್ತು. ಲಂಡನ್ನಿನ ಕೆಂಟನ್‌ನ ಅವರ ಮನೆಗೆ ಬಂದು ಉಳಿದ ನೆಂಟರಿಷ್ಟರು ಬೆಳಿಗ್ಗೆ ಚಹಾ ಕುಡಿಯುತ್ತ ಅದನ್ನೇ ಎತ್ತಿ ಆಡುವರು. "ಡಾಕ್ಟರ್ ಸಾಹೇಬ್ರು ದವಾಖಾನ್ಯಾಗ ಮಂದೀನ ಮಲಗಸ್ತಾರ, ಮನ್ಯಾಗ ಎಬ್ಬಸ್ತಾರ" ಎಂದು ಹೆಂಡತಿ ಅಂಬುಜಾಳೇ ಎಲ್ಲರಿಗಿಂತ ಮೊದಲು ನಗಿಸುತ್ತಿದ್ದಳು. ಮಗಳು ಗಾರ್ಗಿ ಯೂನಿವರ್ಸಿಟಿಗೆಂದು ಮನೆ ಬಿಟ್ಟ ವಾರವೇ ಅಂಬುಜಾ ತನ್ನ ದಿಂಬು, ಹೊದಿಕೆ ಎತ್ತಿಕೊಂಡು ಮಗಳ ಕೋಣೆಗೆ ಹೋದಳು. ಅದಕ್ಕೂ ಗೊರಕೆಯೇ ಕಾರಣವೆಂದು ಎಲ್ಲರೂ ನಂಬಿದ್ದರು. ಉಮಾಶಂಕರನೂ ನಂಬಿದ್ದ.

ಅವನು ಧಾರವಾಡದಲ್ಲಿ ಓದಿ ಬಂದು, ಲಂಡನ್ನಿನ ಸರಕಾರಿ ಆಸ್ಪತ್ರೆಗಳಲ್ಲೇ ಮೇಲೇರಿದ ಅರಿವಳಿಕೆ ತಜ್ಞ. ನಲವತ್ತರ ಹೊಸ್ತಿಲಲ್ಲಿ ಬ್ರಿಟಿಷ್ ಸೈನ್ಯದ ಮೀಸಲು ವೈದ್ಯಕೀಯ ಪಡೆಗೆ ಹೆಸರು ಕೊಟ್ಟ. "ಯಾಕ ಬೇಕ್ರಿ ಇದೆಲ್ಲ?" ಎಂದು ಅಂಬುಜಾ ಕೇಳಿದ್ದಳು. "ಬರೇ ಪಗಾರ ತಗೊಂಡು ಇರೋದಲ್ಲ ಅಂಬೂ. ಈ ಊರಿಗೆ ನಮ್ಮದೂ ಏನರ ಸಲ್ಲಬೇಕಲ್ಲ" ಎಂದಿದ್ದ. ಅಫ್ಘಾನಿಸ್ತಾನಕ್ಕೆ ಎರಡು ಸಲ ಹೋದ. ಮೊದಲ ಸಲ ಅಲ್ಲಿಯ ದಂಡಿನ ಆಸ್ಪತ್ರೆಯಲ್ಲಿದ್ದ. ಎರಡನೆಯ ಸಲ, ಗಾಯಗೊಂಡವರನ್ನು ಕಾಳಗದ ನೆಲದಿಂದ ಎತ್ತಿ ತರುವ ಹೆಲಿಕಾಪ್ಟರಿನಲ್ಲಿದ್ದ.

ಮರಳಿ ಬಂದವನು ಮೊದಲಿನವನಾಗಿರಲಿಲ್ಲ. ದೀಪಾವಳಿ ಪಟಾಕಿಯ ವಾರ ಕಿಟಕಿ ಪರದೆ ಎಳೆದು ಕೂಡುತ್ತಿದ್ದ. ಟ್ಯೂಬ್ ರೈಲಿನಲ್ಲಿ ಜನ ಒತ್ತಿದರೆ ನಡುವಿನ ಸ್ಟೇಷನ್ನಿನಲ್ಲೇ ಇಳಿದುಬಿಡುತ್ತಿದ್ದ. ಕೇಳಿದರೆ "ಡ್ಯೂಟಿ ಜಾಸ್ತಿ ಆಗ್ಯದ" ಎನ್ನುತ್ತಿದ್ದ. ಮೈ ಬೆಳೆಯಿತು, ಮಾತು ಕಡಿಮೆಯಾಯಿತು. ಬೆಳಿಗ್ಗೆ ಎದ್ದರೂ ಇಡೀ ರಾತ್ರಿ ಹೊಲ ಉತ್ತು ಬಂದವನ ಮುಖವಿರುತ್ತಿತ್ತು. ವೈದ್ಯನಾದವನು ತನ್ನ ವಿಷಯಕ್ಕೆ ಬೇರೆ ವೈದ್ಯನ ಬಾಗಿಲು ತಟ್ಟುವುದೆಂದರೆ ಅವನಿಗೆ ಅವಮಾನ. ಹೀಗೇ ವರ್ಷಗಳು ಉರುಳಿದವು.

ಕೊನೆಗೆ ಅದು ಬಯಲಾದದ್ದು ಆಪರೇಷನ್ ಥಿಯೇಟರಿನಲ್ಲಿ. ರೋಗಿಯ ತಲೆಯ ಬದಿಗೆ ಕೂತು ಉಸಿರು ಕಾಯಬೇಕಾದವನು ಕೂತಲ್ಲೇ ನಿದ್ದೆ ಹೋದ. ಕಿರಿಯ ವೈದ್ಯೆ ಸಿರಿಶಾ ನೋಡಿದಳು, ರೋಗಿಯ ಉಸಿರಿನ ಹೊಣೆಯನ್ನು ತಾನೇ ವಹಿಸಿಕೊಂಡಳು. ರೋಗಿಗೆ ಏನೂ ಆಗಲಿಲ್ಲ. ಆದರೆ ಬೆಂಗಳೂರಿನ ಆ ಹುಡುಗಿ ಆಮೇಲೆ ಕಾರಿಡಾರಿನಲ್ಲಿ ಅಳುತ್ತ, "ಸರ್, ನಾನು ಇದನ್ನ ಮೇಲಿನೋರಿಗೆ ಹೇಳ್ಲೇಬೇಕು. ದಯವಿಟ್ಟು ತಪ್ಪು ತಿಳ್ಕೋಬೇಡಿ" ಎಂದಳಂತೆ. "ಹೇಳು. ಹೇಳದಿದ್ರ ನಾನೇ ನಿನ್ನ ಮೇಲೆ ಕಂಪ್ಲೇಂಟ್ ಕೊಡ್ತೀನಿ" ಎಂದು ಉಮಾಶಂಕರ ಅವಳ ಬೆನ್ನು ತಟ್ಟಿ, ಮಧ್ಯಾಹ್ನವೇ ಮನೆಗೆ ಬಂದ. ಮತ್ತೆ ಥಿಯೇಟರಿಗೆ ಹೋಗಲಿಲ್ಲ.

ಪರೀಕ್ಷೆಗಳಾದವು. ನಿದ್ದೆಯಲ್ಲಿ ಅವನ ಉಸಿರು ಪದೇ ಪದೇ ನಿಂತುಹೋಗುತ್ತಿತ್ತು, ಮೆದುಳು ಗಾಬರಿಬಿದ್ದು ಎಬ್ಬಿಸುತ್ತಿತ್ತು. ಸ್ಲೀಪ್ ಆಪ್ನಿಯಾ ಎಂದರು. ಕುಟುಂಬ ವೈದ್ಯರು ಕೆದಕಿ ಕೇಳಿದ ಮೇಲೆ ಪಿಟಿಎಸ್‌ಡಿ ಎಂಬ ಇನ್ನೊಂದು ಹೆಸರೂ ಹೊರಬಿತ್ತು. ಯುದ್ಧ ಅವನೊಳಗೇ ಉಳಿದುಬಿಟ್ಟಿದೆ ಎಂದು ಅಂಬುಜಾ ಅದನ್ನು ತನ್ನಷ್ಟಕ್ಕೆ ಅರ್ಥಮಾಡಿಕೊಂಡಳು. ಮಲಗುವಾಗ ಮೂಗಿಗೆ ಬಿಗಿದುಕೊಳ್ಳುವ ಮಾಸ್ಕೊಂದು, ಅದಕ್ಕೆ ಗಾಳಿ ಊದುವ ಯಂತ್ರವೊಂದು ಮನೆಗೆ ಬಂತು. ಸಾವಿರಾರು ಜನರ ಮುಖದ ಮೇಲೆ ಮಾಸ್ಕ್ ಇಟ್ಟವನಿಗೆ ತನ್ನ ಮುಖದ ಮೇಲೆ ಅದನ್ನು ತಾಳಿಕೊಳ್ಳಲಾಗಲಿಲ್ಲ. ಬೆಳಗಾಗುವಷ್ಟರಲ್ಲಿ ಅದು ಗೋಡೆಯ ಬುಡದಲ್ಲಿ ಬಿದ್ದಿರುತ್ತಿತ್ತು.

ಮಾಜಿ ಸೈನಿಕರಿಗೆ ನೆರವಾಗುವ ಸಂಸ್ಥೆಯೊಂದರಿಂದ ಮೊರೀನ್ ಎಂಬಾಕೆ ಬಂದಳು. ಹಿಂದೆ ಸೈನ್ಯದಲ್ಲೇ ನರ್ಸ್ ಆಗಿದ್ದವಳು. ಸೇವೆಯಿಂದಾದ ಕಾಯಿಲೆಗೆ ಪರಿಹಾರ ಕೇಳಲು ಅವಳೇ ಒತ್ತಾಯಿಸಿದಳು. ಪಿಟಿಎಸ್‌ಡಿಯನ್ನು ರಕ್ಷಣಾ ಇಲಾಖೆ ಒಪ್ಪಿಕೊಂಡಿತು. ಆದರೆ ಕೆಳಗಿನ ದರ್ಜೆಯದೆಂದಿತು. ಆಪ್ನಿಯಾವನ್ನು ಒಪ್ಪಲೇ ಇಲ್ಲ. ಅದು ದಪ್ಪ ಕುತ್ತಿಗೆಯವರಿಗೆ, ವಯಸ್ಸಾದವರಿಗೆ ಬರುವ ಕಾಯಿಲೆ; ಮೇಲಾಗಿ ಕೊಟ್ಟ ಯಂತ್ರವನ್ನೇ ಈತ ಬಳಸುತ್ತಿಲ್ಲ ಎಂದಿತು. ಮೊರೀನ್ ಟ್ರಿಬ್ಯೂನಲ್ಲಿಗೆ ಅಪೀಲು ಹಾಕಿಸಿದಳು.

ಅಡುಗೆಮನೆಯ ಮೇಜಿನ ಮುಂದೆ ಕೂತು ಅವಳು ಅಂಬುಜಾಳಿಗೆ ಇಂಗ್ಲಿಷಿನಲ್ಲಿ ಹೇಳಿದಳು: "ಮಲಗಿದವರಿಗೆ ತಮ್ಮ ನಿದ್ದೆಯಲ್ಲಿ ಏನಾಗುತ್ತದೆ ಅನ್ನೋದು ಗೊತ್ತಿರುವುದಿಲ್ಲ. ನಿಮಗೆ ಗೊತ್ತು. ಅಲ್ಲಿಂದ ಬಂದ ಮೇಲೆ ಏನು ಬದಲಾಯಿತು, ನೀವು ಕಂಡದ್ದನ್ನು ಕಂಡ ಹಾಗೆ ಬಂದು ಹೇಳಬೇಕು."

"ಹೇಳುತ್ತೇನೆ" ಎಂದಳು ಅಂಬುಜಾ. ಅಂದಿನಿಂದ ಅವಳ ಅನ್ನಕ್ಕೆ ರುಚಿ ಇಲ್ಲವಾಯಿತು.

ಅವಳು ಕಂಡದ್ದರಲ್ಲಿ ಒಂದನ್ನು ಗಂಡನಿಗೆ ಹೇಳಿರಲೇ ಇಲ್ಲ. ಅವನು ಎರಡನೆಯ ಸಲ ಮರಳಿ ಬಂದ ಚಳಿಗಾಲದಲ್ಲಿ, ನಿದ್ದೆಯಲ್ಲಿದ್ದವನು ಅವಳ ಮೇಲೆ ಬಾಗಿ ಎರಡೂ ಕೈಯಿಂದ ಹಿಡಿದಿದ್ದ. ಕಣ್ಣುಗಳು ತೆರೆದಿದ್ದವು, ಎಚ್ಚರವಿರಲಿಲ್ಲ. ಅವಳ ಕೂಗೂ ಅವನಿಗೆ ಕೇಳಲಿಲ್ಲ. ಹೇಗೋ ಬಿಡಿಸಿಕೊಂಡು ಬಚ್ಚಲುಮನೆಗೆ ಓಡಿ ಚಿಲಕ ಹಾಕಿಕೊಂಡಳು. ಬೆಳಿಗ್ಗೆ ಅವನಿಗೆ ಏನೂ ನೆನಪಿರಲಿಲ್ಲ. ತಾನು ಗಣಿತ ಕಲಿಸುವ ಶಾಲೆಯಲ್ಲಿ ಹಲ್ಲುನೋವೆಂದು ಹೇಳಿ ಅವಳು ಸ್ಕಾರ್ಫ್ ಸುತ್ತಿಕೊಂಡು ಓಡಾಡಿದಳು. ಮುಂದೆಯೂ ಒಂದೆರಡು ಸಲ ಅವನ ಕೈ ಹುಡುಕುತ್ತ ಬಂದದ್ದುಂಟು. ಅಷ್ಟರಲ್ಲಿ ಅವಳು ಮಂಚದ ತುದಿಯಲ್ಲಿ ಎಚ್ಚರಿಕೆಯಿಂದ ಮಲಗುವುದನ್ನು ಕಲಿತಿದ್ದಳು.

ಇದು ಗೊತ್ತಿದ್ದವಳು ಗಾರ್ಗಿ ಒಬ್ಬಳೇ. ಆಗ ಶಾಲೆಗೆ ಹೋಗುತ್ತಿದ್ದ ಹುಡುಗಿ, ಅಮ್ಮನ ಸ್ಕಾರ್ಫ್ ಸರಿದಾಗ ಕೆಳಗಿನ ಕಂದಿದ ಕಲೆಗಳನ್ನು ನೋಡಿಬಿಟ್ಟಿದ್ದಳು. ಈಗ ಪೂರ್ವ ಲಂಡನ್ನಿನ ಸ್ಟ್ರಾಟ್‌ಫರ್ಡಿನಲ್ಲಿ ಕೆಲಸ ಮಾಡುವ ಮಗಳನ್ನು ಅಂಬುಜಾ ಅವಳ ಊಟದ ಬಿಡುವಿನಲ್ಲಿ ಹೋಗಿ ಕಂಡಳು. ಅಂಗಡಿಗಳ ಗದ್ದಲದ ನಡುವೆ ಕಾಫಿ ಹಿಡಿದು ಕೂತರು.

"ಅಮ್ಮಾ, ಯು ಹ್ಯಾವ್ ಟು ಟೆಲ್ ದೆಮ್" ಎಂದಳು ಗಾರ್ಗಿ.

"ನಿಮ್ಮಪ್ಪ ಅಲ್ಲೇ ಮಗ್ಗಲಿಗೇ ಕೂತಿರ್ತಾರ. ಅವರ ಮುಂದ ಹ್ಯಾಂಗ ಹೇಳ್ಲಿ? ಹೆಂಡತಿ ಕುತಗಿ ಹಿಸುಕಲಿಕ್ಕೆ ಬಂದಿದ್ದೆ ಅಂತ ಗೊತ್ತಾದ್ರ ಆ ಮನಶ್ಯಾ ಉಳೀತಾನಂತ ಮಾಡೀಯೇನು?"

"ಆ್ಯಂಡ್ ಯು? ನಿನಗೆ ಏನಾಯ್ತು ಅಂತ ಯಾರೂ ಕೇಳಿಲ್ಲ." ಸಾಮಾನ್ಯವಾಗಿ ಇಂಗ್ಲಿಷಿನಲ್ಲೇ ಉತ್ತರಿಸುವ ಮಗಳು ಅಷ್ಟು ಮಾತನ್ನು ಕನ್ನಡದಲ್ಲಿ ಹೇಳಿದಳು.

ವಿಚಾರಣೆಯ ಕೋಣೆಯಲ್ಲಿ ಕೋರ್ಟಿನ ಆಡಂಬರವೇನೂ ಇರಲಿಲ್ಲ. ಉದ್ದನೆಯ ಮೇಜಿನ ಆಚೆ ಮೂವರು: ನಡುವೆ ನ್ಯಾಯಾಧೀಶೆ, ಒಂದು ಬದಿಗೆ ವಯಸ್ಸಾದ ವೈದ್ಯರು, ಇನ್ನೊಂದು ಬದಿಗೆ ನೌಕಾಪಡೆಯಲ್ಲಿದ್ದ ಅಧಿಕಾರಿ. ಇಲಾಖೆಯ ಪರವಾಗಿ ಬಂದಿದ್ದ ತರುಣ ಬಹಳ ಮರ್ಯಾದೆಯಿಂದಲೇ ಉಮಾಶಂಕರನನ್ನು ಕೇಳಿದ, "ಯಂತ್ರ ಕೊಟ್ಟಿದ್ದಾರೆ. ನೀವು ಸ್ವತಃ ಈ ವಿಷಯದ ತಜ್ಞರು. ಆದರೂ ಬಳಸಲಿಲ್ಲ, ಅಲ್ಲವೆ?"

"ಬಳಸಲಿಲ್ಲ."

"ಯಾಕೆ ಅಂತ ಹೇಳಬಹುದೆ?"

"ಆಗಲಿಲ್ಲ" ಎಂದ ಉಮಾಶಂಕರ. ಅಷ್ಟೇ. ಮೊರೀನ್ ಕಣ್ಣಿನಲ್ಲೇ ಒತ್ತಾಯಿಸಿದಳು, ನ್ಯಾಯಾಧೀಶೆ ಬೇರೆ ರೀತಿಯಲ್ಲಿ ಕೇಳಿ ನೋಡಿದರು. ಅವನು ಮೇಜಿನ ಅಂಚು ನೋಡುತ್ತ ಕೂತ. ಇವನು ಬಾಯಿ ಬಿಡುವುದಿಲ್ಲ, ಹೀಗೇ ಸೋತು ಮನೆಗೆ ಬರುತ್ತಾನೆ ಎಂಬುದು ಅಂಬುಜಾಳಿಗೆ ಆ ಕ್ಷಣ ಖಾತ್ರಿಯಾಯಿತು.

ಅವಳ ಸರದಿ ಬಂತು. ಗೊರಕೆಯ ಬಗ್ಗೆ ಹೇಳಿದಳು, ಉಸಿರು ನಿಂತಾಗ ತಾನು ಎಣಿಸುತ್ತ ಮಲಗುತ್ತಿದ್ದದ್ದನ್ನು ಹೇಳಿದಳು. ಅಫ್ಘಾನಿಸ್ತಾನಕ್ಕೆ ಹೋಗುವ ಮುಂಚೆ ಇದು ಇರಲಿಲ್ಲವೆಂದಳು. "ನೀವು ಬೇರೆ ಕೋಣೆಗೆ ಹೋದದ್ದು ಗೊರಕೆಯಿಂದಾಗಿಯೇ?" ಎಂದು ನ್ಯಾಯಾಧೀಶೆ ಕೇಳಿದರು.

ಹೌದೆಂದರೆ ಮುಗಿಯುತ್ತಿತ್ತು. ಅಂಬುಜಾ ಗಂಡನ ಕಡೆ ನೋಡಲಿಲ್ಲ. "ಅಲ್ಲ" ಎಂದಳು. "ಭಯದಿಂದ."

ಆಮೇಲೆ ಹೇಳಿದಳು. ಹೇಳುವಾಗ ಅವಳ ಇಂಗ್ಲಿಷು ತಡವರಿಸಿತು. ವರ್ಷಗಟ್ಟಲೆ ಮಕ್ಕಳಿಗೆ ಪಾಠ ಹೇಳಿದ ಭಾಷೆ ಅಂದು ಕೈಕೊಟ್ಟಿತು. ಪಕ್ಕದ ಕುರ್ಚಿ ಸಣ್ಣಗೆ ಕಿರ್ ಎಂದದ್ದು ಕೇಳಿಸಿತು.

ವೈದ್ಯ ಸದಸ್ಯರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಕ್ಷಮಿಸಿ, ಇದನ್ನು ಕೇಳಲೇಬೇಕಾಗಿದೆ. ಅವರ ಬೆರಳುಗಳು ಎಲ್ಲಿದ್ದವು? ನಿಮ್ಮ ಮೇಲೇ ತೋರಿಸಬಲ್ಲಿರಾ?"

ಅಂಬುಜಾ ಎರಡೂ ಕೈ ಎತ್ತಿದಳು. ಬೆರಳುಗಳು ತಾವಾಗಿ ಕಿವಿಯ ಕೆಳಗೆ, ದವಡೆಯ ಮೂಲೆಯ ಹಿಂದೆ ಹೋಗಿ ನಿಂತವು.

"ಗಂಟಲಿನ ಮೇಲೆ?"

"ಗಂಟಲಿನ ಮೇಲೆ..." ಅವಳು ತಡೆದಳು. ಇಷ್ಟು ವರ್ಷ ಅದನ್ನು ನೆನೆಸಿಕೊಳ್ಳುವಾಗೆಲ್ಲ ಗಂಟಲು ಎಂದೇ ನೆನೆಸಿಕೊಂಡಿದ್ದಳು. "ಇಲ್ಲ. ಗಂಟಲು ಮುಟ್ಟಿರಲಿಲ್ಲ."

"ಒತ್ತುತ್ತಿದ್ದರೋ, ಎತ್ತುತ್ತಿದ್ದರೋ?"

"ಎತ್ತುತ್ತಿದ್ದರು. ದವಡೆಯನ್ನು ಮುಂದಕ್ಕೆ ಎಳೆದ ಹಾಗೆ. ಕಿತ್ತೇ ಹೋಗುತ್ತದೇನೋ ಅನ್ನಿಸಿತ್ತು."

ಆ ವೈದ್ಯರು ಅವಳನ್ನು ಬಿಟ್ಟು ಉಮಾಶಂಕರನ ಕಡೆ ತಿರುಗಿದರು. ಇಬ್ಬರು ವೈದ್ಯರೂ ಒಬ್ಬರನ್ನೊಬ್ಬರು ನೋಡಿದರು. "ಶ್ರೀಮತಿಯವರಿಗೆ ನೀವೇ ಹೇಳುತ್ತೀರಾ?" ಎಂದರು ಮುದುಕರು, ಮೆಲ್ಲಗೆ.

ಉಮಾಶಂಕರ ಹೆಂಡತಿಯ ಕಡೆ ತಿರುಗಿದ. ಆಮೇಲೆ ಕೋಣೆಯಲ್ಲಿ ಬೇರೆಯವರಿದ್ದಾರೆಂಬುದನ್ನೇ ಮರೆತವನಂತೆ ಧಾರವಾಡದ ಕನ್ನಡದಲ್ಲೇ ಹೇಳಿದ: "ಕುತಗಿ ಅಲ್ಲ ಅಂಬೂ. ಪ್ರಜ್ಞೆ ತಪ್ಪಿದವರ ನಾಲಿಗಿ ಹಿಂದಕ್ಕ ಬಿದ್ದು ಉಸಿರು ಕಟ್ಟತದ. ಹಂಗ ದವಡಿ ಎತ್ತಿ ಹಿಡಿದ್ರ ಗಾಳಿಗೆ ದಾರಿ ಆಗತದ. ನಾ ನಿನಗ ಉಸಿರು ಕೊಡ್ಲಿಕ್ಕತ್ತಿದ್ದೆ."

ನ್ಯಾಯಾಧೀಶೆಗೆ ಅದನ್ನು ಇಂಗ್ಲಿಷಿನಲ್ಲಿ ಹೇಳಬೇಕಾಯಿತು. ಹೇಳಲು ಶುರುಮಾಡಿದವನು ನಿಲ್ಲಿಸಲಿಲ್ಲ. ಹೆಲಿಕಾಪ್ಟರಿನಲ್ಲಿ ಒಬ್ಬ ಸೈನಿಕನಿದ್ದ. ಕೆಳಗಿನಿಂದ ಗುಂಡು ಹಾರುತ್ತಿತ್ತು. ಪೈಲಟ್ ಅತ್ತಿತ್ತ ಹೊರಳಿಸುತ್ತ ಹಾರಿಸುತ್ತಿದ್ದ. ಗಂಟಲಿಗೆ ನಳಿಕೆ ಇಳಿಸಲು ಆಗಲೇ ಇಲ್ಲ. ಮಾಸ್ಕ್ ಒತ್ತಿದರೆ ರಕ್ತಕ್ಕೆ ಜಾರುತ್ತಿತ್ತು, ಅರೆಪ್ರಜ್ಞೆಯ ಸೈನಿಕ ಅದನ್ನು ಕಿತ್ತೆಸೆಯುತ್ತಿದ್ದ. ದಾರಿಯುದ್ದಕ್ಕೂ ಉಮಾಶಂಕರ ಕೈಯಲ್ಲೇ ಅವನ ದವಡೆ ಎತ್ತಿ ಹಿಡಿದಿದ್ದ. ಇಳಿಯುವ ಮೊದಲೇ ಸೈನಿಕ ಸತ್ತಿದ್ದ. ಜೊತೆಗಿದ್ದವರು ಉಮಾಶಂಕರನ ಬೆರಳುಗಳನ್ನು ಒಂದೊಂದಾಗಿ ಬಿಡಿಸಬೇಕಾಯಿತು. "ನನ್ನ ಮುಖಕ್ಕೆ ಮಾಸ್ಕ್ ಬಂದ ತಕ್ಷಣ ನಾನು ಅವನಾಗುತ್ತೇನೆ" ಎಂದ. "ಅದಕ್ಕೇ ಆಗುವುದಿಲ್ಲ."

ನ್ಯಾಯಾಧೀಶೆ ಸ್ವಲ್ಪ ಹೊತ್ತು ಬಿಡುವು ಕೊಟ್ಟರು.

ಕಾರಿಡಾರಿನ ಬೆಂಚಿನ ಮೇಲೆ ಇಬ್ಬರೂ ಕೂತರು. ಮೊರೀನ್ ನೀರು ತರುವ ನೆವದಲ್ಲಿ ದೂರ ಹೋದಳು.

"ಯಾಕ ಹೇಳ್ಲಿಲ್ಲ ನನಗ?" ಎಂದ ಉಮಾಶಂಕರ.

"ಹೇಳಿದ್ರ ನೀವು ಮಲಗೋದನ್ನೇ ಬಿಡ್ತಿದ್ರಿ."

"ಇಷ್ಟು ವರ್ಷ ನಾ ನಿನ್ನ ಕೊಲ್ಲಲಿಕ್ಕೆ ಬಂದಿದ್ದೆ ಅಂತ ತಿಳಕೊಂಡೇ ಇದ್ದೇನು?"

"ನಿದ್ದ್ಯಾಗ. ಎಚ್ಚರಿದ್ದಾಗ ಅಲ್ಲ." ಅವಳು ಸೀರೆಯ ಸೆರಗನ್ನು ಬೆರಳಿಗೆ ಸುತ್ತುತ್ತಿದ್ದಳು. "ನಾ ನಿಮ್ಮ ಮ್ಯಾಲೆ ಸಿಟ್ಟು ಮಾಡಿದ್ದೆ. ಮಂದಿ ಮುಂದ ನಗಿ ಮಾಡಿ ತೀರಿಸಿಕೊಂಡೆ."

"ಆದ್ರೂ ನನ್ನ ಜೋಡಿ ಉಳಿದಿ."

"ಎಲ್ಲಿಗೆ ಹೋಗ್ಲಿ?" ಎಂದಳು ಅಂಬುಜಾ. ಬೇರೆ ಉತ್ತರಕ್ಕಾಗಿ ಕಾದಿದ್ದ ಅವನ ಮುಖ ಸಣ್ಣದಾಯಿತು. ಅದನ್ನು ಕಂಡೂ ಅವಳು ಮಾತು ತಿದ್ದಲಿಲ್ಲ. ಅಂದು ಸುಳ್ಳು ಹೇಳುವ ಶಕ್ತಿ ಅವಳಲ್ಲಿ ಉಳಿದಿರಲಿಲ್ಲ.

ತೀರ್ಪು ಕೆಲವು ವಾರಗಳ ನಂತರ ಬಂತು. ಪಿಟಿಎಸ್‌ಡಿಯನ್ನು ಮೇಲಿನ ದರ್ಜೆಗೆ ಏರಿಸಿದ್ದರು. ಅದರ ಕಾರಣದಿಂದಲೇ ಉಮಾಶಂಕರನಿಗೆ ಚಿಕಿತ್ಸೆ ಪಡೆಯಲಾಗುತ್ತಿಲ್ಲವೆಂಬುದನ್ನೂ ಒಪ್ಪಿದ್ದರು. ಆದರೆ ಆಪ್ನಿಯಾ ಸೈನ್ಯದ ಸೇವೆಯಿಂದಲೇ ಹುಟ್ಟಿತೆಂಬುದು ಸಾಬೀತಾಗಿಲ್ಲ. ಎರಡು ಕಾಯಿಲೆಗಳು ಜೊತೆಗಿದ್ದ ಮಾತ್ರಕ್ಕೆ ಒಂದು ಇನ್ನೊಂದರ ಕಾರಣವಾಗುವುದಿಲ್ಲ ಎಂದಿದ್ದರು. ಮೇಲಿನ ಕೋರ್ಟಿಗೆ ಹೋಗೋಣವೇ ಎಂದು ಮೊರೀನ್ ಫೋನಿನಲ್ಲಿ ಕೇಳಿದಾಗ ಉಮಾಶಂಕರ ಹೆಂಡತಿಯ ಮುಖ ನೋಡಿದ. ಅವಳು ತಲೆ ಅಲ್ಲಾಡಿಸಿದಳು. "ಇನ್ನೊಮ್ಮೆ ಅದನ್ನೆಲ್ಲ ಹೇಳಲಿಕ್ಕೆ ನನ್ನ ಕಡೆ ಆಗಂಗಿಲ್ರಿ." ಸಾಕೆಂದು ಅವನು ಮೊರೀನಳಿಗೆ ಹೇಳಿದ. ಅರ್ಧ ಗೆದ್ದದ್ದಕ್ಕೆ ಖುಷಿಪಡಬೇಕೋ, ಅರ್ಧ ಸೋತದ್ದಕ್ಕೆ ಅಳಬೇಕೋ ತಿಳಿಯದೆ ಆ ದಿನ ಇಬ್ಬರೂ ತಣ್ಣಗಾದ ಚಪಾತಿ ತಿಂದರು.

ಮನೋವೈದ್ಯರು ಹೊಸ ಕ್ರಮವೊಂದನ್ನು ಸೂಚಿಸಿದರು. ಮಾಸ್ಕನ್ನು ಮೊದಲು ಹಗಲಿನಲ್ಲಿ, ಬೆಳಕಿನಲ್ಲಿ, ಎಚ್ಚರವಿದ್ದಾಗಲೇ ರೂಢಿಸಿಕೊಳ್ಳಬೇಕು. ಪಕ್ಕದಲ್ಲಿ ನಂಬಿಕೆಯವರೊಬ್ಬರು ಇರಬೇಕು. ಭಾನುವಾರ ಮಧ್ಯಾಹ್ನ ಪರದೆಗಳನ್ನೆಲ್ಲ ಸರಿಸಿ ಅವನು ಮಂಚದ ಮೇಲೆ ಮಲಗಿದ. ಹೊರಗೆ ಪಕ್ಕದ ಮನೆಯ ಗುಜರಾತಿ ಮಕ್ಕಳು ಚೆಂಡಾಡುತ್ತಿದ್ದರು. ಅಂಬುಜಾ ತಿದ್ದಬೇಕಾದ ಗಣಿತದ ಪೇಪರುಗಳನ್ನು ಹಿಡಿದು ಕೋಣೆಗೆ ಬಂದಳು. ಬಹಳ ವರ್ಷಗಳ ಮೇಲೆ ಅವಳು ಆ ಕೋಣೆಯಲ್ಲಿ ಕೂತದ್ದು.

ಉಮಾಶಂಕರ ಪಟ್ಟಿ ಬಿಗಿದುಕೊಂಡ. ಎದೆ ಏರಿಳಿಯತೊಡಗಿತು, ಹಣೆಯ ಮೇಲೆ ಬೆವರೊಡೆಯಿತು. ಕಿತ್ತೆಸೆದ. ಸುಧಾರಿಸಿಕೊಂಡು ಮತ್ತೆ ಹಾಕಿಕೊಂಡ. ಮೂರನೆಯ ಸಲ ಅದು ಮುಖದ ಮೇಲೆ ನಿಂತಿತು.

ಆಗ ಅವನು ತಲೆ ಹೊರಳಿಸಿ ಹೆಂಡತಿಯನ್ನು ನೋಡಿದ. ಅವಳು ಕುರ್ಚಿಯನ್ನು ಗೋಡೆಗೆ ಒತ್ತಿ ಹಾಕಿಕೊಂಡಿದ್ದಳು, ಅವನ ಕೈಗೆ ನಿಲುಕದಷ್ಟು ದೂರದಲ್ಲಿ. ಅವನು ನೋಡಿದ ಮೇಲೆಯೇ ಅವಳಿಗೂ ಅದು ಗೊತ್ತಾಯಿತು. ಮುಖ ಬಿಸಿಯೇರಿತು. ಏಳಲು ಹೋದಳು, ಕಾಲು ಏಳಲಿಲ್ಲ. ಕೊಲ್ಲಲು ಬಂದ ಕೈಯಲ್ಲವೆಂದು ಅವಳಿಗೆ ತಿಳಿದಿತ್ತು, ನಂಬಿಕೆಯೂ ಇತ್ತು. ಮೈಗೆ ಮಾತ್ರ ಅದನ್ನು ಯಾರೂ ತಿಳಿಸಿ ಹೇಳಿರಲಿಲ್ಲ.

ಅವನು ಮಾಸ್ಕ್ ಸರಿಸಿದ. "ಅಲ್ಲೇ ಕೂಡ್ರು" ಎಂದ. "ಅಷ್ಟು ದೂರ ಇದ್ರೂ ಸಾಕು ನನಗ. ನೀ ಹೋಗಬ್ಯಾಡ, ಅಷ್ಟ."

"ಹೋಗಂಗಿಲ್ಲ" ಎಂದಳು ಅಂಬುಜಾ. "ನೀವು ಮಕ್ಕೋರಿ."

ಅವನು ಮಾಸ್ಕನ್ನು ಮೂಗಿಗೆ ಎಳೆದುಕೊಂಡು ಕಣ್ಣು ಮುಚ್ಚಿದ. ಯಂತ್ರ ಗಾಳಿ ಊದತೊಡಗಿತು. ಅಂಬುಜಾ ಪೇಪರುಗಳನ್ನು ತೊಡೆಯ ಮೇಲಿಟ್ಟುಕೊಂಡು ಪೆನ್ನಿನ ಮುಚ್ಚಳ ತೆಗೆದಳು. ಎಷ್ಟೋ ಹೊತ್ತು ಒಂದು ಲೆಕ್ಕವನ್ನೂ ತಿದ್ದದೆ, ಗಂಡನ ಎದೆ ಏರುವುದನ್ನೂ ಇಳಿಯುವುದನ್ನೂ ನೋಡುತ್ತ ಕೂತಳು.