ಮಾರೆಪ್ಪನ ಮಣ್ಣು

ಹೊಳೆವ್ವನ ಎಡಗಿವಿ ಕೇಳಿಸುತ್ತಿರಲಿಲ್ಲ. ಮೂರು ವರ್ಷದ ಹಿಂದೆ ಗೌಡನ ಆಳು ದ್ಯಾಮಪ್ಪ ಕಪಾಳಕ್ಕೆ ಹೊಡೆದ ಏಟಿಗೆ ಕಿವಿಯಿಂದ ರಕ್ತ ಬಂತು, ರಕ್ತದ ಹಿಂದೆ ಕೀವು ಬಂತು, ಕೊನೆಗೆ ಕಿವಿಯೇ ಹೋಯಿತು. ಆ ಕಡೆಯಿಂದ ಯಾರಾದರೂ ಕರೆದರೆ ಆಕೆ ಓಗೊಡುತ್ತಿರಲಿಲ್ಲ. ಓಗೊಡದ್ದಕ್ಕೆ ಮತ್ತೊಂದು ಏಟು ಬೀಳುತ್ತಿತ್ತು. ಹೊತ್ತು ಮೂಡುವಾಗ ಗೌಡನ ವಾಡೆಗೆ ಬಂದು, ಇಪ್ಪತ್ತೆರಡು ದನದ ಸಗಣಿ ಬಾಚಿ, ಬುಟ್ಟಿ ಹೊತ್ತು ತಿಪ್ಪೆಗೆ ಹಾಕಿ, ಅಂಗಳ ಗುಡಿಸುವಷ್ಟರಲ್ಲಿ ಸೂರ್ಯ ನೆತ್ತಿಗೆ ಬಂದಿರುತ್ತಿದ್ದ. ಆಗ ಹಿತ್ತಲ ಬಾಗಿಲಿನಿಂದ ಎರಡು ತಂಗಳ ರೊಟ್ಟಿ ಆಕೆಯ ಸೆರಗಿಗೆ ಬೀಳುತ್ತಿದ್ದವು.

ಬಂಕಾಪುರದಿಂದ ಎರಡು ಹರದಾರಿ ಆಚೆಗಿನ ಕಡ್ಲಿಕೊಪ್ಪದಲ್ಲಿ ಶಿದ್ಲಿಂಗಗೌಡ ಹೇಳಿದ್ದೇ ಕಾನೂನು. ಹೊಳೆವ್ವನ ಗಂಡ ಮಾರೆಪ್ಪ ಆ ಗೌಡನ ನಾಲ್ಕೆಕರೆ ಹೊಲವನ್ನು ಹನ್ನೆರಡು ವರ್ಷ ಲಾವಣಿಗೆ, ಅಂದರೆ ಗೇಣಿಗೆ, ಉತ್ತಿದ್ದ. ಉಳುವವರ ಹೆಸರು ಬರೆದುಕೊಳ್ಳಲು ಶಿಗ್ಗಾಂವಿಯಿಂದ ಸಾಹೇಬರು ಬಂದಾಗ ಎಲ್ಲರೂ ನೆಲ ನೋಡುತ್ತ ನಿಂತರು. ಮಾರೆಪ್ಪ ಒಬ್ಬನೇ ಮುಂದೆ ಬಂದು, "ಆ ಹೊಲ ನಾ ಉಳಾಕತ್ತೇನ್ರಿ ಸಾಹೇಬ್ರ" ಎಂದ. ಅವನು ಅಂದದ್ದು ಅಷ್ಟೇ. ಮೂರನೆಯ ದಿನ ಅವನನ್ನು ವಾಡೆಗೆ ಕರೆಸಿದರು. ದ್ಯಾಮಪ್ಪ ಬಡಿಗೆ ಎತ್ತಿ ತಲೆಗೆ ಹೊಡೆದ. ಗೌಡ ಕಟ್ಟೆಯ ಮೇಲೆ ಕೂತು ಎಲೆಗೆ ಸುಣ್ಣ ಹಚ್ಚುತ್ತ ನೋಡಿದ. ಸಗಣಿ ಬುಟ್ಟಿ ಹಿಡಿದು ಬಣವೆಯ ಮರೆಯಲ್ಲಿ ನಿಂತಿದ್ದ ಹೊಳೆವ್ವ ಎಲ್ಲವನ್ನೂ ಕಣ್ಣಾರೆ ಕಂಡಳು. ಹೆಣವನ್ನು ಬಾವಿಗೆ ಹಾಕಿ, ಮತ್ತೆ ತೆಗೆದು, ಕಾಲು ಜಾರಿ ಬಿದ್ದು ಸತ್ತನೆಂದು ಪಂಚನಾಮೆ ಬರೆದರು. ಬರೆಸಿದವನು ಆಗ ಊರಿನ ಪೊಲೀಸ್ ಪಾಟೀಲನಾಗಿದ್ದ ಅದೇ ಶಿದ್ಲಿಂಗಗೌಡ. ಕಳ್ಳನ ಕೈಗೆ ಕೀಲಿಕೈ ಕೊಟ್ಟ ಸರಕಾರ. ಹೊಳೆವ್ವನ ಹೆಬ್ಬೆಟ್ಟನ್ನು ದ್ಯಾಮಪ್ಪನೇ ಹಿಡಿದು ಕಾಗದಕ್ಕೆ ಒತ್ತಿದ.

ಅಷ್ಟಕ್ಕೇ ಬಿಡಲಿಲ್ಲ. ಆ ಸೀಮೆಯಲ್ಲಿ ಯಾರು ಸತ್ತರೂ ಹೆಣ್ಣುಮಕ್ಕಳು ಹೆಣದ ಸುತ್ತ ಕೂತು ಹಾಡ್ಯಾಡಿ ಅಳುತ್ತಾರೆ. ಒಬ್ಬಳು ಸತ್ತವನ ಬದುಕನ್ನೆಲ್ಲ ಹಾಡಿ ಹೇಳುತ್ತಾಳೆ, ಉಳಿದವರು ಅವಳ ಕೊನೆಯ ಮಾತನ್ನು ಎತ್ತಿಕೊಳ್ಳುತ್ತಾರೆ. ಅತ್ತೆಯ ಜಿಪುಣತನ, ಮೈದುನನ ಮೋಸ, ಎಲ್ಲವೂ ಆ ಅಳುವಿನಲ್ಲಿ ಹೊರಗೆ ಬರುತ್ತದೆ. ಯಾರೂ ತಡೆಯುವಂತಿಲ್ಲ. ಕೇಳುವ ಗಂಡಸರು ರುಮಾಲು ತೆಗೆದು ಬರಿದಲೆಯಲ್ಲಿ ನಿಲ್ಲಬೇಕು, ಎಂಥ ದೊಡ್ಡವನೇ ಇರಲಿ. ಗೌಡನಿಗೆ ಇದು ಚೆನ್ನಾಗಿ ಗೊತ್ತಿತ್ತು. ಅದಕ್ಕೇ ಹೊಳೆವ್ವ ಬಾಯಿ ತೆರೆಯುವ ಮೊದಲೇ ಕಪಾಳಕ್ಕೆ ಬಿತ್ತು. ಮಾರೆಪ್ಪನ ಅಣ್ಣ ಉಳಿವೆಪ್ಪ, ಅವನೂ ಗೌಡನ ಆಳೇ, ತಲೆಯ ಮೇಲಿನ ರುಮಾಲನ್ನೂ ತೆಗೆಯದೆ ತಮ್ಮನಿಗೆ ಮಣ್ಣು ಕೊಟ್ಟು ಬಂದ. ಊರಿಗೆಲ್ಲ ಸಂಗತಿ ಗೊತ್ತಿತ್ತು, ಯಾರ ಬಾಯಲ್ಲೂ ಇರಲಿಲ್ಲ.

ಇಂಥ ಊರಿಗೆ ಒಂದು ದಿನ ವಿಶ್ವವಿದ್ಯಾಲಯದ ಮೋಟಾರು ಬಂತು. ಅಲ್ಲಿ ಆ ವರ್ಷ ಹೊಸ ಓದು ಶುರುವಾಗಿತ್ತಂತೆ: ಭಾಷೆ, ಸಂಸ್ಕೃತಿ ಮತ್ತು ಜನಸಂಪರ್ಕ. ಓದುವವರು ನಾಲ್ಕು ದಿನ ಹಳ್ಳಿಯಲ್ಲಿದ್ದು ಜನರ ಜೊತೆ ಹೇಗೆ ಬೆರೆಯಬೇಕು, ಹೇಗೆ ಮಾತಾಡಬೇಕು ಎಂದು ಕಲಿಯಬೇಕಂತೆ. ಜನರ ಜೊತೆ ಬೆರೆಯಲು ಬಂದವರು ಇಳಿದುಕೊಂಡದ್ದು ಗೌಡನ ವಾಡೆಯಲ್ಲಿ. ಹೋಳಿಗೆ ತುಪ್ಪ ಉಂಡು ಪ್ರೊಫೆಸರರು, ಇಂಥ ಸಂಸ್ಕೃತಿವಂತರು ಇನ್ನೂ ಇದ್ದಾರಲ್ಲ ಎಂದು ಸಂತೋಷಪಟ್ಟರು. ಓದಲು ಬಂದ ಆರು ಮಂದಿಯಲ್ಲಿ ಸವಣೂರಿನ ಹಮೀದುನ್ನೀಸಾ ಒಬ್ಬಳೇ ಹುಡುಗಿ. ಆಕೆಯ ಎಲೆಯನ್ನು ಮಾತ್ರ ಪಡಸಾಲೆಯ ಹೊರಗೆ, ಕಟ್ಟೆಯ ತುದಿಗೆ ಹಾಕಿದರು. ಅದೂ ಸಂಸ್ಕೃತಿಯೇ.

ಎರಡನೆಯ ದಿನ ಹೊಳೆವ್ವನನ್ನು ಅಂಗಳದಲ್ಲಿ ಕೂಡಿಸಿದರು. ಕೇರಿಯವಳು ವಾಡೆಯ ಮೆಟ್ಟಿಲು ಹತ್ತುವಂತಿಲ್ಲ. ಮಾತು ಹಿಡಿಯುವ ಯಂತ್ರ ಮೇಲೆ ಕಟ್ಟೆಯಲ್ಲಿ, ಹೊಳೆವ್ವ ಕೆಳಗೆ ಮಣ್ಣಿನಲ್ಲಿ. ಮೈಕನ್ನು ಉದ್ದ ತಂತಿಯಲ್ಲಿ ಇಳಿಬಿಟ್ಟರು.

"ನೋಡಿ, ಮೊದಲು ನಮಸ್ಕಾರ, ಆಮೇಲೆ ಯೋಗಕ್ಷೇಮ, ಆಮೇಲೆ ಪ್ರಶ್ನೆ. ಜನಸಂಪರ್ಕದ ಮೊದಲ ಪಾಠ ಇದು" ಎಂದು ಪ್ರೊಫೆಸರರು ಹುಡುಗರಿಗೆ ಹೇಳಿ, ತಾವು ಮಾತ್ರ ನಮಸ್ಕಾರ ಮರೆತು ಪ್ರಶ್ನೆಗೇ ಬಂದರು. "ಹೊಡೆಯುವುದಕ್ಕೆ ನಿಮ್ಮ ಕಡೆ ಏನೇನು ಮಾತಿವೆ, ಹೇಳಮ್ಮ."

ಹೊಳೆವ್ವ ಕಟ್ಟೆಯ ಮೇಲಿದ್ದ ಗೌಡನ ಮುಖ ನೋಡಿದಳು. ಗೌಡ ನಗುತ್ತ, "ಹೇಳ, ಹೆದರಬ್ಯಾಡ" ಎಂದ.

"ಬಡಿಯೂದು ಅಂತೇವ್ರಿ. ಗುದ್ದೂದು. ಒದಿಯೂದು. ಬಾರಸೂದು. ತದಕೂದು. ಚಚ್ಚೂದು."

"ಎಲ್ಲ ಒಂದೇನಾ?"

"ಒಂದ ಹೆಂಗ ಆಗತಾವ್ರಿ. ಬಾರಸೂದು ಕಪಾಳಕ್ಕ. ಗುದ್ದೂದು ಬೆನ್ನಿಗೆ. ಒದಿಯೂದು ಕೆಳಗ ಬಿದ್ದ ಮ್ಯಾಲ. ಚಚ್ಚೂದು ತಲೀಗೆ." ಒಂದೊಂದು ಮಾತಿಗೂ ಮೈಮೇಲಿನ ಜಾಗ ಮುಟ್ಟಿ ತೋರಿಸಿದಳು. ತಲೆಗೆ ಬಂದಾಗ ಕೈ ನಡುವೆಯೇ ನಿಂತಿತು.

"ಎಷ್ಟು ಶ್ರೀಮಂತ ಭಾಷೆ" ಎಂದು ಪ್ರೊಫೆಸರರು ಬರೆದುಕೊಂಡರು. ಹುಡುಗರು ತಲೆದೂಗಿದರು. ಹಮೀದುನ್ನೀಸಾ ಬರೆಯುವುದನ್ನು ಬಿಟ್ಟು ಹೊಳೆವ್ವನ ಕಿವಿಯ ಹತ್ತಿರದ ಕಲೆಯನ್ನೇ ನೋಡುತ್ತಿದ್ದಳು.

ಬೀಸುವ ಹಾಡು, ಜೋಗುಳ ಎಲ್ಲ ಆದ ಮೇಲೆ ಪ್ರೊಫೆಸರರಿಗೆ ಹಾಡ್ಯಾಡಿ ಅಳುವುದು ಬೇಕಾಯಿತು. ಹೊಳೆವ್ವ ಎದ್ದು ನಿಂತಳು.

"ಅದು ಆಗೂದಿಲ್ರಿ. ಹೆಣ ಇಲ್ದ ಅಳಬಾರದು. ಅತ್ರ ಮನ್ಯಾಗ ಹೆಣ ಬೀಳತೈತಿ."

ಪ್ರೊಫೆಸರರು ನಕ್ಕರು. ಹೆಂಗಸರ ವಿಷಯ, ನೀನೇ ಹೋಗಿ ಹೇಗಾದರೂ ಹಾಡಿಸಿಕೊಂಡು ಬಾ ಎಂದು ಹಮೀದುನ್ನೀಸಾಗೆ ಒಪ್ಪಿಸಿದರು.

ಮರುದಿನ ಮಧ್ಯಾಹ್ನ ಆಕೆ ಮೋಟಾರನ್ನೇ ಕೇರಿಯ ತನಕ ತರಿಸಿ, ಅದರ ಬ್ಯಾಟರಿಯಿಂದ ಹೊಳೆವ್ವನ ಗುಡಿಸಲಿಗೆ ತಂತಿ ಎಳೆದಳು. ಆಮೇಲೆ ಯಂತ್ರವನ್ನು ಪಕ್ಕಕ್ಕಿಟ್ಟು ನೆಲದ ಮೇಲೆ ಕೂತಳು. ಹೊಳೆವ್ವ ಕೊಟ್ಟ ನೀರು ಕುಡಿದಳು. ಮನೆಗೆ ಬಂದ ಓದಿದವರಲ್ಲಿ ನೀರು ಕುಡಿದವಳು ಇವಳೇ ಮೊದಲು.

"ಅವ್ವಾ, ನೀವು ಯಾರಿಗೂ ಹಾಡ್ಯಾಡಿ ಅತ್ತಿಲ್ಲೇನ್ರಿ?"

"ಅವ್ವಗ ಅತ್ತೇನಿ, ಅತ್ತೀಗೆ ಅತ್ತೇನಿ. ನನ್ನ ಗಂಡಗ ಅಳಾಕ ಬಿಡಲಿಲ್ಲ."

"ಹಂಗಾರ ಆ ಹೆಣ ಇನ್ನೂ ನಿಮ್ಮ ಮನ್ಯಾಗ ಐತಲ್ರಿ."

ಮೂರು ವರ್ಷ ಈ ಮಾತನ್ನು ಯಾರೂ ಆಡಿರಲಿಲ್ಲ. ಹೊಳೆವ್ವ ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು. ಒಲೆಯ ಮುಂದಿನ ಖಾಲಿ ಜಾಗ ನೋಡಿದಳು. ಅಲ್ಲಿ ಮಾರೆಪ್ಪ ಮಲಗುತ್ತಿದ್ದ. ಗಂಟಲಿನಿಂದ ಮೊದಲು ಕೆಮ್ಮು ಬಂತು. ಹಮೀದುನ್ನೀಸಾ ಯಂತ್ರದ ಗುಂಡಿ ಒತ್ತಿದಳು. ಆಮೇಲೆ ಹಾಡು ಬಂತು.

"ನೀರಿಗಿ ಹ್ವಾದವನಲ್ಲೋ, ನನ್ನ ದೊರಿಯೇ,
ನಿನ್ನ ಕಾಲು ಜಾರಲಿಲ್ಲೋ..."

ಮುಗಿದಾಗ ಹಮೀದುನ್ನೀಸಾ ಯಂತ್ರ ನಿಲ್ಲಿಸಿದಳು. "ಅವ್ವಾ, ಇದು ಗೌಡರ ಕಿವಿಗೆ ಬಿದ್ರ ನಿಮ್ಮನ್ನ ಉಳಸೂದಿಲ್ಲ. ಅಳಿಸಿ ಹಾಕಲೇನ್ರಿ?"

"ಬ್ಯಾಡ ಯವ್ವಾ. ಹೊಟ್ಟ್ಯಾಗಿಂದ ಬಂದದ್ದನ್ನ ತಿರಗಿ ನುಂಗಾಕ ಬರೂದಿಲ್ಲ."

ಆ ಸಂಜೆ ವಾಡೆಯಲ್ಲಿ ಪ್ರೊಫೆಸರರು ಅದನ್ನು ಹೆಡ್‌ಫೋನಿನಲ್ಲಿ ಕಿವಿಗೆ ಹಚ್ಚಿಕೊಂಡು, ಕಣ್ಣು ಮುಚ್ಚಿ, ತೊಡೆಯ ಮೇಲೆ ತಾಳ ಹಾಕುತ್ತ ಕೇಳಿದರು. ನಾಳಿನ ಬೀಳ್ಕೊಡುಗೆ ಸಭೆಯಲ್ಲಿ ಊರವರಿಗೆ ಇದನ್ನೇ ಕೇಳಿಸುವುದು ಎಂದು ತೀರ್ಮಾನಿಸಿದರು. ಅಂಗಳ ಗುಡಿಸುತ್ತಿದ್ದ ಹೊಳೆವ್ವ ಬಲಗಿವಿ ಆ ಕಡೆ ತಿರುಗಿಸಿದಳು.

"ಸರ್, ಅದರಾಗಿನ ಮಾತು ಕೇಳಿದ್ರೇನ್ರಿ?" ಹಮೀದುನ್ನೀಸಾ ಕೇಳುತ್ತಿದ್ದಳು.

"ಮಾತು ಎಲ್ಲಿ ಹೋಗುತ್ತದೆ ತಾಯಿ, ಆಮೇಲೆ ಬರೆದುಕೊಂಡರಾಯಿತು. ಮೊದಲು ಧಾಟಿ ಹಿಡಿಯಬೇಕು."

ಹೊಳೆವ್ವ ಕಸಬರಿಗೆ ಹಿಡಿದು ನಿಂತೇಬಿಟ್ಟಳು. ಬೇಡ್ರಿ ಎಂದು ಕಾಲು ಹಿಡಿದಿದ್ದರೆ ಪ್ರೊಫೆಸರರು ಬೇರೆ ಹಾಡು ಹಚ್ಚುತ್ತಿದ್ದರು. ಆಕೆಯ ಜೀವ ಉಳಿಯುತ್ತಿತ್ತು. ನಾಳೆಯೂ ಸಗಣಿ ಬಾಚಬಹುದಿತ್ತು, ನಾಡಿದ್ದೂ ಬಾಚಬಹುದಿತ್ತು. ಕಸಬರಿಗೆಯನ್ನು ಅಲ್ಲೇ ಬಿಸಾಕಿ ಕೇರಿಗೆ ಹೋದಳು. ಮನೆಮನೆಯ ಬಾಗಿಲಲ್ಲಿ ನಿಂತು ಒಂದೇ ಮಾತು ಹೇಳಿದಳು.

"ನಾಳೆ ಮಾರೆಪ್ಪನ ಮಣ್ಣು ಐತಿ. ವಾಡೇದ ಮುಂದ. ಮಣ್ಣಿಗೆ ಬರೂವಂಗ ಬರ್ರಿ."

ಪಕ್ಕದ ಮನೆಯ ಹೊನ್ನವ್ವ, "ತಲಿ ಕೆಟ್ಟೈತೇನ ನಿನಗ" ಎಂದಳು. ಹೊಳೆವ್ವ ಎಲ್ಲವನ್ನೂ ಬಿಡಿಸಿ ಹೇಳಿದಳು. ಆಚೆ ತನ್ನ ಹಿತ್ತಲಲ್ಲಿ ಕಟ್ಟಿಗೆ ಒಡೆಯುತ್ತಿದ್ದ ಉಳಿವೆಪ್ಪನಿಗೂ ಅದು ಕೇಳಿಸಿತು. ಅವನು ಕೊಡಲಿಯನ್ನು ಬೊಡ್ಡೆಯಲ್ಲಿ ಬಿಟ್ಟು ಕೂತ.

ಮರುದಿನ ಮೂರು ಗಂಟೆಗೆ ಸಭೆ. ಕಟ್ಟೆಯ ಮೇಲೆ ಕುರ್ಚಿಗಳು, ನಡುವಿನ ಕುರ್ಚಿಯಲ್ಲಿ ಜರಿ ರುಮಾಲು ಸುತ್ತಿದ ಗೌಡ, ಕೊರಳಲ್ಲಿ ಹಾರ. ಅಂಗಳದಲ್ಲಿ ಊರ ಗಂಡಸರು. ಕೇರಿಯ ಮೂವತ್ತು ನಲವತ್ತು ಹೆಂಗಸರು ಸೆರಗು ಹೊದ್ದು ಬಂದು, ಮೆಟ್ಟಿಲ ಮುಂದೆ ದುಂಡಗೆ ಕೂತರು. ನಡುವೆ ಒಂದು ಆಳು ಮಲಗುವಷ್ಟು ಜಾಗ ಬಿಟ್ಟಿದ್ದರು. ಪ್ರೊಫೆಸರರು ಜನಸಂಪರ್ಕದ ಬಗ್ಗೆ ಮಾತಾಡಿ, ಗೌಡರ ಉದಾರತೆಗೆ ಕೈಮುಗಿದು, ಯಂತ್ರದ ಗುಂಡಿ ಒತ್ತಿದರು. ಮೆಟ್ಟಿಲು ಹತ್ತಬಾರದ ಹೊಳೆವ್ವನ ದನಿ ಗೌಡನ ಪಕ್ಕದ ಸ್ಪೀಕರಿನಿಂದ ಹೊರಟಿತು.

"ನೀರಿಗಿ ಹ್ವಾದವನಲ್ಲೋ, ನನ್ನ ದೊರಿಯೇ,
ನಿನ್ನ ಕಾಲು ಜಾರಲಿಲ್ಲೋ.
ಹೊಲ ನಾ ಉಳತೇನಿ ಅಂದದ್ದಕ್ಕ, ನನ್ನ ದೊರಿಯೇ,
ದ್ಯಾಮ ಬಡಗಿ ಎತ್ತಿದ್ನೋ.
ಶಿದ್ಲಿಂಗಗೌಡ ಕಟ್ಟಿಮ್ಯಾಲ, ನನ್ನ ದೊರಿಯೇ,
ಎಲಿ ಮೆಲ್ಲಕೋತ ನೋಡಿದ್ನೋ..."

"ನೋಡಿದ್ನೋ" ಎಂದು ನಲವತ್ತು ಹೆಂಗಸರು ಎತ್ತಿಕೊಂಡರು. ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಸಾವಿನ ಮನೆಯಲ್ಲಿ ಹಾಗೇ ಎತ್ತಿಕೊಳ್ಳುವುದು.

ಗೌಡನ ಬಾಯಲ್ಲಿದ್ದ ಎಲೆ ಅಲ್ಲೇ ನಿಂತಿತು. "ಬಾಯಿ ಮುಚ್ಚಸ್ರಲೇ ಅದರದ" ಎಂದು ಎದ್ದ. ದ್ಯಾಮಪ್ಪ ಹಾರಿ ಬಂದು ಬಡಿಗೆಯಿಂದ ಯಂತ್ರಕ್ಕೆ ಹೊಡೆದ. ಸುರುಳಿಗಳು ಕಿತ್ತು ಕಂದು ಪಟ್ಟಿ ಮೆಟ್ಟಿಲ ಮೇಲೆಲ್ಲ ಹರಡಿತು. "ಸರಕಾರದ್ದಪ್ಪಾ ಅದು, ಸರಕಾರದ್ದು" ಎಂದು ಪ್ರೊಫೆಸರರು ಅತ್ತರು. ಅವರು ಆ ಊರಲ್ಲಿ ಅತ್ತದ್ದು ಆ ಯಂತ್ರಕ್ಕೆ.

ಯಂತ್ರ ಸುಮ್ಮನಾಯಿತು. ಹೊಳೆವ್ವ ಕೆಳಗಿನಿಂದ ಮುಂದಿನ ಸಾಲು ಹಿಡಿದಳು. ದ್ಯಾಮಪ್ಪ ಕೆಳಗೆ ಜಿಗಿದು ಬಡಿಗೆ ಬೀಸಿದ. ಆಕೆ ಅಡ್ಡ ಹಿಡಿದ ಕೈಯ ಎಲುಬು ಲಟಕ್ಕೆಂದದ್ದು ಕಟ್ಟೆಯ ತನಕ ಕೇಳಿಸಿತು. ನೋವಿಗೆ ಕಣ್ಣು ಕತ್ತಲಿಟ್ಟಿತು. ಆದರೂ ಹಾಡು ನಿಲ್ಲಲಿಲ್ಲ, ಹೊನ್ನವ್ವ ಹಿಡಿದಿದ್ದಳು. ಹೊನ್ನವ್ವನ ಬಾಯಿಗೆ ಬಿತ್ತು, ಎರಡು ಹಲ್ಲು ರಕ್ತದ ಜೊತೆ ಅಂಗಳಕ್ಕೆ ಬಿದ್ದವು. ಆಕೆಯ ಹಿಂದಿನವಳು ಹಿಡಿದಳು. ಹಮೀದುನ್ನೀಸಾ ಕಟ್ಟೆಯಿಂದಿಳಿದು ಹೊಳೆವ್ವನಿಗೆ ಅಡ್ಡ ಬಂದಾಗ ಆಕೆಯ ಹಣೆಗೂ ಬಡಿಗೆಯ ತುದಿ ತಾಗಿ ಒಡೆಯಿತು. ದ್ಯಾಮಪ್ಪ ಒಬ್ಬೊಬ್ಬರನ್ನೇ ಬಡಿಯುತ್ತ ಹೋದ. ಬಡಿದಷ್ಟೂ ಹಾಡು ಪಕ್ಕದ ಬಾಯಿಗೆ ಹೋಗುತ್ತಿತ್ತು.

ಮತ್ತೊಮ್ಮೆ ಎತ್ತಿದ ಬಡಿಗೆ ಕೆಳಗೆ ಬರಲಿಲ್ಲ. ಹಿಂದಿನಿಂದ ಉಳಿವೆಪ್ಪ ಹಿಡಿದಿದ್ದ. ಅವನ ತಲೆ ಬರಿದಾಗಿತ್ತು. ತಿರುಗಿ ನೋಡಿದರೆ ಕೇರಿಯ ಗಂಡಸರೆಲ್ಲ ರುಮಾಲು ತೆಗೆದು ಹೆಗಲಿಗೆ ಹಾಕಿಕೊಂಡಿದ್ದರು. ಊರ ಒಕ್ಕಲಿಗರಲ್ಲೂ ನಾಲ್ಕಾರು ಮಂದಿ ತೆಗೆದಿದ್ದರು. ಉಳಿವೆಪ್ಪ ಬಡಿಗೆ ಕಿತ್ತುಕೊಂಡು ದ್ಯಾಮಪ್ಪನ ಮೊಣಕಾಲಿಗೆ ಹೊಡೆದ. ಒಂದೇ ಏಟು. ದ್ಯಾಮಪ್ಪ ಹೆಂಗಸರು ನಡುವೆ ಬಿಟ್ಟಿದ್ದ ಆ ಖಾಲಿ ಜಾಗದಲ್ಲೇ ಬಿದ್ದು ಹೊರಳಿದ.

ಹೊಳೆವ್ವ ಮುರಿದ ಕೈಯನ್ನು ಮಡಿಲಲ್ಲಿ ಇಟ್ಟುಕೊಂಡು ಕಟ್ಟೆಯ ಕಡೆ ಮುಖ ಎತ್ತಿದಳು.

"ಗೌಡ್ರ, ರುಮಾಲ ತಗೀರಿ. ಮಣ್ಣು ನಡದೈತಿ."

ಗೌಡ ತೆಗೆಯಲಿಲ್ಲ. ಕುರ್ಚಿಯ ಹಿಡಿಕೆ ಗಟ್ಟಿಯಾಗಿ ಹಿಡಿದು, ಆಳುಗಳ ಹೆಸರು ಕೂಗಿದ. ಯಾರೂ ಓಗೊಡಲಿಲ್ಲ.

"ಭಾವಾ," ಎಂದಳು ಹೊಳೆವ್ವ, "ಗೌಡ್ರಿಗೆ ಕೇಳಸವಲ್ದು."

ಉಳಿವೆಪ್ಪ ಬಡಿಗೆ ಹಿಡಿದು ವಾಡೆಯ ಮೆಟ್ಟಿಲು ಹತ್ತತೊಡಗಿದ.