ಮಗ್ಗದ ಕುಣಿಯಲ್ಲಿಟ್ಟ ಪಲ್ಯ

ರಾತ್ರಿಯ ಅಡುಗೆಯ ಹೆಸರೆತ್ತಿದರೆ ಸಾಕು, ನಮ್ಮ ಇಳಕಲ್ಲಿನ ನೇಕಾರ ಓಣಿಯಲ್ಲಿ ಹೆಂಗಸರ ಮುಖ ಸಪ್ಪಗಾಗುತ್ತದೆ. ಗಂಡಸು ಮಗ್ಗದಿಂದ ಎದ್ದರೆ ಅವನ ದಿನ ಮುಗಿಯಿತು, ಕಟ್ಟೆಗೆ ಹೋಗಿ ಕೂಡುತ್ತಾನೆ. ಹೆಂಗಸು ನೂಲಿನ ರಾಟಿಯಿಂದ ಎದ್ದರೆ ಒಲೆಯ ಮುಂದೆ ಕೂಡಬೇಕು. ಈ ಪದ್ಧತಿ ಯಾರು ಮಾಡಿದರೋ ಗೊತ್ತಿಲ್ಲ. ಮಾಡಿದವರು ಒಂದು ದಿನವಾದರೂ ರೊಟ್ಟಿ ಬಡಿದಿರಲಿಕ್ಕಿಲ್ಲ.

ಶಿವಲಿಂಗವ್ವನ ಮನೆಯ ಕಥೆಯೂ ಇದೇ. ಅವಳ ಗಂಡ ಹೊಳಬಸಪ್ಪ ಸೀರೆ ನೇಯುತ್ತಿದ್ದ. ಎಂಬತ್ಮೂರನೆಯ ಇಸವಿಯ ಬೇಸಿಗೆ, ಮದುವೆಗಳ ಕಾಲ. ಸೀರೆ ಎಷ್ಟು ನೇಯ್ದರೂ ಸಾಲುತ್ತಿರಲಿಲ್ಲ. ಶಿವಲಿಂಗವ್ವ ನಸುಕಿನಲ್ಲೇ ಎದ್ದು ನೂಲು ಸುತ್ತುತ್ತಿದ್ದಳು. ಆಮೇಲೆ ಸೆರಗಿನ ರೇಷ್ಮೆ ಎಳೆಗಳನ್ನು ಸೀರೆಯ ಎಳೆಗಳಿಗೆ ಒಂದೊಂದಾಗಿ ಕೊಂಡಿ ಹಾಕಿ ಸೇರಿಸುತ್ತಿದ್ದಳು. ಸಂಜೆಯ ಹೊತ್ತಿಗೆ ಅವಳ ತೋಳು ಮೇಲೇಳುತ್ತಿರಲಿಲ್ಲ. ಹಿಟ್ಟಿನ ಡಬ್ಬಿ ಕಂಡರೆ ಅಳು ಬರುತ್ತಿತ್ತು.

ಓಣಿಯ ಕೊನೆಯಲ್ಲಿ ಸಾವಿತ್ರೆವ್ವ ಎಂಬವರು ರೊಟ್ಟಿ, ಪಲ್ಯ ಮಾಡಿ ಮಾರುತ್ತಿದ್ದರು. ತರಬಹುದಿತ್ತಲ್ಲ? ಆದರೆ ಹೊಳಬಸಪ್ಪ ಒಮ್ಮೆ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದ.

"ಮನ್ಯಾಗ ಹೆಂಡ್ತಿ ಇದ್ದೂ ಕೊಂಡ ರೊಟ್ಟಿ ತಿಂದ್ರ ಓಣಿ ಮಂದಿ ನಗ್ತಾರ. ನಮ್ಮ ಮನಿತನದಾಗ ಅದು ಆಗಿಲ್ಲ, ಆಗೂದೂ ಇಲ್ಲ."

ಶಿವಲಿಂಗವ್ವ ಬೇರೆ ದಾರಿ ಹುಡುಕಿಕೊಂಡಳು. ಸಂಜೆ ಹೋದರೆ ಸಾವಿತ್ರೆವ್ವನ ಮನೆಯ ಎದುರಿನ ಕಟ್ಟೆಯಲ್ಲಿ ಗಂಡಸರು ಕೂತಿರುತ್ತಾರೆ. ಅದಕ್ಕೆ ಎಲ್ಲರೂ ಉಂಡು ಮಲಗಿದ ಮಧ್ಯಾಹ್ನ ಸೆರಗಿನ ಮರೆಯಲ್ಲಿ ಡಬ್ಬಿ ಒಯ್ಯುತ್ತಿದ್ದಳು.

ಆ ದಿನ ಸಾವಿತ್ರೆವ್ವ ಹೆಸರುಕಾಳಿನ ಪಲ್ಯ ಹಾಕುತ್ತ ಕೇಳಿದರು, "ಯವ್ವಾ, ಈಗ ಉಣ್ಣಾಕ ಹೌದಲ್ಲೋ? ಬಿಸಿಲು ಭಾಳ ಐತಿ. ಸಂಜಿಮಟ ಇಡಬ್ಯಾಡ ಮತ್ತ."

"ಈಗ ಉಣ್ತೇವ್ರಿ," ಎಂದು ಸುಳ್ಳು ಹೇಳಿ ಶಿವಲಿಂಗವ್ವ ಬಂದಳು.

ಮನೆಯಲ್ಲಿ ಎರಡು ಮಗ್ಗಗಳಿದ್ದವು. ಮಾವನ ಮಗ್ಗ ಅವರು ತೀರಿಹೋದ ಮೇಲೆ ಬರಿದಾಗಿತ್ತು. ನೇಕಾರ ಕಾಲು ಇಳಿಬಿಟ್ಟು ಕೂಡುವ ಅದರ ಕುಣಿ ತಂಪಾಗಿರುತ್ತಿತ್ತು, ಯಾರೂ ಬಗ್ಗಿ ನೋಡುತ್ತಿರಲಿಲ್ಲ. ರೊಟ್ಟಿಯ ಗಂಟನ್ನೂ ಪಲ್ಯದ ಡಬ್ಬಿಯನ್ನೂ ಅಲ್ಲಿ ಇಳಿಸಿದಳು. ಸಂಜೆ ಓಣಿಗೆ ಹೊಗೆ ಕಾಣಲಿ ಎಂದು ಒಲೆ ಹೊತ್ತಿಸಿದಳು. ಜನಕ್ಕೆ ಸಪ್ಪಳ ಕೇಳಲಿ ಎಂದು ಒಂದೇ ಒಂದು ರೊಟ್ಟಿ ಟಪಟಪ ಬಡಿದಳು. ಅದನ್ನು ಕೊಂಡು ತಂದ ರೊಟ್ಟಿಗಳ ಮೇಲಿಟ್ಟು ಗಂಡನಿಗೆ ಬಡಿಸಿದಳು. ಹೊಳಬಸಪ್ಪ ತೃಪ್ತಿಯಿಂದ ಉಂಡ. ಪಾಪ, ದಣಿದವಳು ಇಷ್ಟು ನಾಟಕವನ್ನೂ ಆಡಬೇಕಿತ್ತು.

ಮಗಳು ನೀಲವ್ವ ಹಸಿದಿದ್ದಳು. ಪಲ್ಯವೆಂದರೆ ಅವಳಿಗೆ ಪ್ರಾಣ. ತನ್ನ ಪಾಲಿನದನ್ನು ಉಂಡು, ಅವ್ವನ ಪಾಲಿನದನ್ನೂ ಉಂಡಳು.

ಬೆಳಗಾಗುವಷ್ಟರಲ್ಲಿ ಹುಡುಗಿ ವಾಂತಿ ಮಾಡಿ ಮಾಡಿ ಸೋತಿದ್ದಳು. ಭೇದಿ ನಿಲ್ಲಲೇ ಇಲ್ಲ. ಹೊಳಬಸಪ್ಪನಿಗೂ ಹೊಟ್ಟೆ ಕೆಟ್ಟಿತ್ತು, ಅವನು ಅದನ್ನು ಬಿಸಿಲಿನ ಲೆಕ್ಕಕ್ಕೆ ಹಾಕಿದ್ದ. ನೀಲವ್ವ ನೀರು ಕೇಳಿದಳು.

"ನೀರು ಕೊಡಬ್ಯಾಡ, ಮತ್ತ ವಾಂತಿ ಆಗ್ತೈತಿ," ಎಂದ ಅಪ್ಪ.

ಅವ್ವ ಕೊಡಲಿಲ್ಲ. ಸ್ವಲ್ಪ ಹೊತ್ತಿಗೆ ಹುಡುಗಿ ಕೇಳುವುದನ್ನೂ ಬಿಟ್ಟಳು. ಕಣ್ಣು ಒಳಗೆ ಇಳಿದಿದ್ದವು, ನಾಲಿಗೆ ಒಣಗಿತ್ತು. ಹೊಳಬಸಪ್ಪ ಮಗಳನ್ನು ಹೆಗಲಿಗೆ ಹಾಕಿಕೊಂಡು ದವಾಖಾನೆಗೆ ಓಡಿದ. ಶಿವಲಿಂಗವ್ವ ಬರಿಗಾಲಲ್ಲಿ ಹಿಂದೆ ಓಡಿದಳು.

ದವಾಖಾನೆಯ ನರ್ಸ್ ಇಂದ್ರಾಬಾಯಿ ಹುಡುಗಿಯನ್ನು ನೋಡಿದವರೇ ನೀರು ತರಿಸಿದರು. "ನೀರು ಯಾಕ ನಿಲ್ಲಿಸಿದ್ರಿ? ಮೈಯಾಗಿನ ನೀರ ಹೊಂಟದ, ಮತ್ತ ನೀರ ಬಂದ್ ಮಾಡೀರಿ! ಇನ್ನಷ್ಟು ಹೊತ್ತು ಬಿಟ್ಟಿದ್ರ ಕೂಸು ಕೈ ಬಿಡ್ತಿತ್ತು."

ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಆರು ಸಣ್ಣ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಕಲಸಿದರು. "ಚಮಚ ಮಟ್ಟಸ ಇರಲಿ, ಗುಡ್ಡಿ ಹಾಕಬಾರದು," ಎನ್ನುತ್ತ ಗುಟುಕು ಗುಟುಕಾಗಿ ಕುಡಿಸತೊಡಗಿದರು. ವಾಂತಿಯಾದರೆ ಸ್ವಲ್ಪ ತಡೆದು ಮತ್ತೆ ಕುಡಿಸಿದರು. ಆಮೇಲೆ ಕೇಳಿದರು, "ನಿನ್ನಿ ಏನು ಉಂಡಿದ್ಲು?"

ಹೊಳಬಸಪ್ಪ ಎದೆ ತಟ್ಟಿ ಹೇಳಿದ, "ಮನಿ ಊಟಾನ ಬಾಯಾರ. ನನ್ನ ಹೆಂಡ್ತಿ ದಿನಾ ಸಂಜಿಗೆ ರೊಟ್ಟಿ ಬಡೀತಾಳ. ಓಣಿಗೆಲ್ಲಾ ಸಪ್ಪಳ ಕೇಳಸ್ತೈತಿ."

ಶಿವಲಿಂಗವ್ವ ನೆಲ ನೋಡಿದಳು. ಮಗಳ ಮುಖ ನೋಡಿದಳು. ಇನ್ನು ಮುಚ್ಚಿಡುವ ಶಕ್ತಿ ಅವಳಲ್ಲಿ ಉಳಿದಿರಲಿಲ್ಲ.

"ಇಲ್ರೀ ಬಾಯಾರ. ಕೊಂಡ ತಂದದ್ದು. ಮಧ್ಯಾಹ್ನ ತಂದು ಮಗ್ಗದ ಕುಣಿಯಾಗ ಮುಚ್ಚಿ ಇಟ್ಟಿದ್ದೆ. ನನ್ನ ಕೈ ಏಳವಲ್ವು ರೀ. ನಾ ಸೋತೇನಿ."

ಹೊಳಬಸಪ್ಪ ಕಿಡಿಕಿಡಿಯಾದ. "ಅದಕ್ಕ ನಾ ಬ್ಯಾಡ ಅಂದಿದ್ದು, ಕೊಂಡ ಊಟಾ ವಿಷಾ! ಆ ಸಾವಿತ್ರೆವ್ವನ್ನ ಇವತ್ತ ಬಿಡೂದಿಲ್ಲ!"

"ಕೂಡು ಹೊಳಬಸಪ್ಪಾ," ಎಂದರು ಇಂದ್ರಾಬಾಯಿ. ರಾತ್ರಿಯ ಪಾಳಿ ಮುಗಿಸಿದ್ದ ಅವರ ಕಣ್ಣೂ ಕೆಂಪಾಗಿದ್ದವು. "ನಿನ್ನಿ ಮಧ್ಯಾಹ್ನ ಆ ಪಲ್ಯಾ ಓಣಿಯಾಗ ಭಾಳ ಮಂದಿ ಉಂಡಿರಬೇಕು. ಅವರ್ಯಾರರ ಇಲ್ಲಿಗೆ ಬಂದಾರೇನು? ಬಿಸಿ ಇದ್ದಾಗ ಅದು ಊಟಾನ ಇತ್ತು. ಇಡೀ ಮಧ್ಯಾಹ್ನ ಈ ಬ್ಯಾಸಿಗ್ಯಾಗ ಮುಚ್ಚಿಟ್ಟಿದ್ದಕ್ಕ ಕೆಟ್ಟದ."

"ಕುಣಿ ತಂಪ ಇರ್ತೈತ್ರಿ," ಎಂದಳು ಶಿವಲಿಂಗವ್ವ. "ವಾಸನಿನೂ ಬಂದಿರಲಿಲ್ಲ. ಉಣ್ಣೂ ಮುಂದ ಕೆಂಡದ ಮ್ಯಾಲ ಬೆಚ್ಚಗ ಮಾಡಿದ್ನಿ."

"ನಿನ್ನ ಕಾಲಿಗೆ ತಂಪ ಆದದ್ದು ಪಲ್ಯಾಕ್ಕ ಸಾಲೂದಿಲ್ಲ ತಂಗಿ. ಕೆಟ್ಟದ್ದೆಲ್ಲಾ ವಾಸನಿ ಬರೂದಿಲ್ಲ. ಕೆಟ್ಟ ಪಲ್ಯಾ ಬೆಚ್ಚಗ ಮಾಡಿದ್ರ ಬೆಚ್ಚನ್ನ ಕೆಟ್ಟ ಪಲ್ಯಾ ಆಗ್ತದ, ಅಷ್ಟ."

ಹೊಳಬಸಪ್ಪ ಇನ್ನೂ ಸೋಲಲಿಲ್ಲ. "ಅದ್ಯಾಕ ಬೇಕ್ರಿ ಬಾಯಾರ? ಮನ್ಯಾಗ ಮಾಡೂದ ಚಲೋ ಅಲ್ಲೇನ್ರಿ?"

"ಚಲೋನ. ಯಾರು ಮಾಡಬೇಕು? ನೀ ಮಾಡ್ತೀಯೇನು?"

ಹೊಳಬಸಪ್ಪ ಹೆಗಲ ಮೇಲಿನ ವಸ್ತ್ರದಿಂದ ಮುಖ ಒರೆಸಿಕೊಂಡ.

"ಸೆರಗಿನ ರೇಷ್ಮಿಗೆ ನೀ ಹುಳಾ ಸಾಕಿದ್ದೀಯೇನು? ಕೊಂಡ ತರ್ತೀ. ತರೂ ಮುಂದ ಎಳದು ನೋಡ್ತೀ, ಬೆಳಕಿಗೆ ಹಿಡದು ನೋಡ್ತೀ. ಆ ಕಣ್ಣು ಊಟಕ್ಕೂ ಇರಲಿ. ಖಡಕ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳ ಚಟ್ನಿ ಒಣಾ ಪದಾರ್ಥ, ಮುಂಜಾನಿ ತಂದಿಟ್ರೂ ನಡೀತದ. ಪಲ್ಯಾ, ಸಾರು, ಅನ್ನ ಹಂಗಲ್ಲ. ಉಣ್ಣೂ ಹೊತ್ತಿಗೇ ತರಬೇಕು, ಉಗಿ ಆಡ್ತಿರಬೇಕು. ಮಾರಾವ್ರು ಮುಚ್ಚಿ ಇಟ್ಟಾರೋ, ನೊಣಾ ಕೂತಾವೋ, ಕೈ ತೊಳಕೊಂಡಾರೋ ನೋಡ್ರಿ. ಮನ್ಯಾಗ ಒಂದು ಉಳ್ಳಾಗಡ್ಡಿ, ಒಂದು ಸೌತಿಕಾಯಿ ತೊಳದು ಹೆಚ್ಚಿಕೊಂಡ್ರ ಊಟ ಪೂರಾ ಆತು. ಉಳಿದದ್ದು ಮರುದಿನಕ್ಕ ಇಡಬ್ಯಾಡ್ರಿ."

ಆಮೇಲೆ ದನಿ ತಗ್ಗಿಸಿ ಹೇಳಿದರು, "ಇಕಿ ಕೊಂಡ ತಂದದ್ದು ತಪ್ಪಲ್ಲ ಹೊಳಬಸಪ್ಪಾ. ನಿನಗ ಅಂಜಿ ಮುಚ್ಚಿಟ್ಟಾಳ. ಅದು ಕೂಸಿನ ಜೀವಕ್ಕ ಬಂತು."

ಹೊಳಬಸಪ್ಪ ಹೆಂಡತಿಯ ಕಡೆ ನೋಡಿದ. ಎಳೆ ಎಳೆದು ಅವಳ ಬೆರಳ ತುದಿಗಳು ಸೀಳಿದ್ದವು. ಒಂದೇ ಮನೆಯಲ್ಲಿದ್ದೂ ಅವನು ಅದನ್ನು ಅಂದೇ ಮೊದಲು ನೋಡಿದ್ದು. ನಾಚಿಕೆಯಾಯಿತು, ದುಃಖವೂ ಆಯಿತು.

ಸೂರ್ಯ ನೆತ್ತಿಗೆ ಬರುವ ಹೊತ್ತಿಗೆ ನೀಲವ್ವ ಕಣ್ಣು ಬಿಟ್ಟು, "ಯವ್ವಾ, ಒಂದಕ್ಕ ಬಂದೈತಿ," ಎಂದಳು. ಇಂದ್ರಾಬಾಯಿ ನಕ್ಕುಬಿಟ್ಟರು. "ಮೈಯಾಗ ನೀರು ನಿಂತದ, ಇನ್ನ ಅಂಜಬ್ಯಾಡ್ರಿ. ಆದ್ರ ನೀರು ನಿಲ್ಲಿಸಬ್ಯಾಡ್ರಿ." ಶಿವಲಿಂಗವ್ವ ಅಲ್ಲೇ ಗೋಡೆಗೆ ಒರಗಿ ನಿದ್ದೆಹೋದಳು. ಯಾರೂ ಎಬ್ಬಿಸಲಿಲ್ಲ.

ನೀಲವ್ವ ಗುಣವಾಗಿ ಮನೆಗೆ ಬಂದ ಮೇಲೆ, ಒಂದು ಸಂಜೆ ದೀಪ ಹಚ್ಚುವ ಹೊತ್ತಿಗೆ ಹೊಳಬಸಪ್ಪ ತೊಳೆದ ಡಬ್ಬಿ ಹಿಡಿದು ಓಣಿಯ ನಡುವೆಯೇ ನಡೆದು ಹೋದ. ಸಾವಿತ್ರೆವ್ವನ ಬಾಗಿಲಲ್ಲಿ ನಿಂತು, "ಬಿಸಿ ಏನೈತ್ರಿ ಯವ್ವಾ?" ಎಂದು ಕೇಳಿದ. ಎದುರಿನ ಕಟ್ಟೆಯ ಮೇಲಿನವರೆಲ್ಲ ಇತ್ತ ತಿರುಗಿದರು.

ಅವನ ಗೆಳೆಯ ಗಾಳೆಪ್ಪ ಕೂಗಿ ಕೇಳಿದ, "ಯಾಕಲೇ ಹೊಳಬಸಪ್ಪಾ, ಹೆಂಡ್ತಿ ಊರಾಗ ಇಲ್ಲೇನು?"

"ಅದಾಳ," ಎಂದ ಹೊಳಬಸಪ್ಪ. "ದಣದಾಳ."

ಕಟ್ಟೆಯ ಮೇಲೆ ಯಾರೂ ನಗಲಿಲ್ಲ. ಅವರೆಲ್ಲರ ಮನೆಯಲ್ಲೂ ದಣಿದವಳು ಒಬ್ಬಳು ಇದ್ದಳು.

ಅಕ್ಕತಂಗಿಯರೇ, ಕೈ ಏಳದ ದಿನ ರೊಟ್ಟಿ ಪಲ್ಯ ಕೊಂಡು ತನ್ನಿ. ನೋಡಿ ತನ್ನಿ, ಬಿಸಿ ಇರುವಾಗಲೇ ಉಣ್ಣಿ. ಮಕ್ಕಳಿಗೆ ವಾಂತಿ ಭೇದಿಯಾದರೆ ಉಪ್ಪು ಸಕ್ಕರೆಯ ನೀರು ಕುಡಿಸುತ್ತಲೇ ದವಾಖಾನೆಗೆ ಕರೆದೊಯ್ಯಿರಿ. ಅಣ್ಣಂದಿರೇ, ನಿಮಗೆ ಹೇಳುವುದು ಒಂದೇ ಮಾತು. ಇವತ್ತು ಸಂಜೆ ಕಟ್ಟೆಗೆ ಹೋಗುವ ಮುಂಚೆ ನಿಮ್ಮ ಮನೆಯವಳ ಮುಖ ನೋಡಿ. ಅವಳು ದಣಿದಿದ್ದರೆ ಡಬ್ಬಿ ನೀವೇ ಹಿಡಿದುಕೊಂಡು ಹೋಗಿ, ಎಲ್ಲರಿಗೂ ಕಾಣುವ ಹಾಗೆ.