ಸಿದ್ರಾಯ ಮಾಸ್ತರರು ಟವೆಲ್ ಎಸೆದು ಹಿಡಿದ ಸೀಟು

ಹುಕ್ಕೇರಿಯ ಸಿದ್ರಾಯ ಮಾಸ್ತರರಿಗೆ ನಿವೃತ್ತಿಯಾದ ಮೇಲೆ ಹೊಸದೊಂದು ಹುಚ್ಚು ಹತ್ತಿತ್ತು. ಸರಕಾರವೇ ಬೇಡ, ಯಾರೂ ಯಾರಿಗೂ ಒತ್ತಾಯ ಮಾಡಬಾರದು, ಮೊದಲು ಹಿಡಿದವನದೇ ಆಸ್ತಿ ಎಂದು ಸಿಕ್ಕಸಿಕ್ಕವರ ತಲೆ ತಿನ್ನುತ್ತಿದ್ದರು. ಪಿಂಚಣಿಯ ಮಾತು ತೆಗೆದರೆ ಮಾತ್ರ "ಅದು ನಾ ದುಡದದ್ದು" ಎಂದು ಮುಖ ತಿರುಗಿಸುತ್ತಿದ್ದರು. ಪುರಾಣ ಹೇಳಲಿಕ್ಕೆ, ಬದನೆಕಾಯಿ ತಿನ್ನಲಿಕ್ಕೆ.

ಇಂಥವರನ್ನು ಮೂಡಲಗಿಯ ವಾಚನಾಲಯದವರು ಭಾಷಣಕ್ಕೆ ಕರೆದರು ನೋಡಿ, ಮಾಸ್ತರರ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಅವರಿಗಿದ್ದದ್ದು ಒಂದೇ ಆಸೆ: ಹೆಂಡತಿ ಸುಂದ್ರವ್ವ ಮುಂದಿನ ಸಾಲಿನಲ್ಲಿ ಕೂತು ಕೇಳಬೇಕು. ಮೂವತ್ತು ವರ್ಷದ ಸಂಸಾರದಲ್ಲಿ ಆಕೆ ಅವರ ಒಂದು ಮಾತನ್ನೂ ಪೂರ್ತಿ ಕೇಳಿರಲಿಲ್ಲ.

"ಮೂಡಲಗಿ ಮುಟ್ಟೂತನಾ ಸರಕಾರದವರಿಗೆ ಏನೂ ಕೇಳಬ್ಯಾಡ್ರಿ. ಹಂಗ ಹೋದ್ರ ಮುಂದ ಕುಂತು ಕೇಳತೇನಿ. ಬಾಯಿ ಬಿಟ್ರೋ, ಅಲ್ಲೇ ನಮ್ಮ ಅಕ್ಕನ ಮನಿ ಐತಿ, ನಾ ಅಲ್ಲಿಗೆ ಹೋಗಾಕಿ," ಎಂದಳು ಸುಂದ್ರವ್ವ.

"ಆತು."

"ಬಸ್ಸು ಸರಕಾರದ್ದಲ್ರಿ?"

"ರೊಕ್ಕಾ ಕೊಟ್ಟು ಟಿಕೇಟ ತಗೋತೇನಿ. ಅದು ವ್ಯವಹಾರ."

ಸುಂದ್ರವ್ವನ ಟಿಕೆಟ್ ಪುಕ್ಕಟೆ. ಆ ಬಗ್ಗೆ ಮಾಸ್ತರರು ಜಾಣತನದಿಂದ ತುಟಿ ಬಿಚ್ಚಲಿಲ್ಲ.

ಗೋಕಾಕದ ಬಸ್ಸು ಬಂದದ್ದೇ ತಡ, ಮಾಸ್ತರರು ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿದರು. ಗದ್ದಲದಲ್ಲಿ ನುಗ್ಗಿ ಒಳಗೆ ಹೋದರೆ, ಆ ಸೀಟಿನಲ್ಲಿ ಮುದುಕಿಯೊಬ್ಬಳು ಕೂತು ಅದೇ ಟವೆಲ್ಲಿನಿಂದ ಕತ್ತು ಒರೆಸಿಕೊಳ್ಳುತ್ತಿದ್ದಳು. ಸುಂದ್ರವ್ವ ಆಗಲೇ ಆಕೆಯ ಪಕ್ಕ ಕೂತಾಗಿತ್ತು.

"ಆಯಿ, ಮೊದಲ ಹಿಡದಾಂವ ನಾ. ಟವೆಲ್ ನಂದು, ಸೀಟೂ ನಂದು."

"ಟವೆಲ್ ತಗೋ ತಮ್ಮಾ," ಎಂದಳು ಮುದುಕಿ. "ನಾ ಕುಂತಿದ್ದು ಸೀಟಿನ ಮ್ಯಾಲ, ಟವೆಲ್ ಮ್ಯಾಲಲ್ಲ."

ಮಾಸ್ತರರ ಪಿತ್ತ ನೆತ್ತಿಗೇರಿತು. "ಕಂಡಕ್ಟರ್, ಬರ್ರಿ ಇಲ್ಲಿ. ನ್ಯಾಯಾ ಹೇಳ್ರಿ."

ಅಂದ ಮೇಲೆ, ಕಂಡಕ್ಟರನೂ ಸರಕಾರದವನೇ ಎಂಬುದು ನೆನಪಾಗಿ ನಾಲಿಗೆ ಕಚ್ಚಿಕೊಂಡರು. ಸುಂದ್ರವ್ವ ಕಿಟಕಿಯಾಚೆ ನೋಡುತ್ತ ನಗುತ್ತಿದ್ದಳು. ಕಂಡಕ್ಟರ್ ಬಂದವನೇ ಸೀಟಿನ ಮೇಲುಗಡೆ ಬರೆದ 'ಮಹಿಳೆಯರಿಗೆ' ಎಂಬ ಅಕ್ಷರ ತೋರಿಸಿದ. "ಮಾಸ್ತರ್ರ, ಓದಾಕ ಬರತೈತಲ್ರಿ?"

ಗೋಕಾಕದವರೆಗೆ ಮಾಸ್ತರರು ನಿಂತೇ ಹೋದರು. ಅಲ್ಲಿ ಬಸ್ಸು ಬದಲಿಸಿದಾಗ ಟವೆಲ್ ಎಸೆಯುವ ಉಮೇದಿ ಉಳಿದಿರಲಿಲ್ಲ. ಮೂಡಲಗಿಯಲ್ಲಿ ಇಳಿದದ್ದೇ ಸುಂದ್ರವ್ವ ಅಕ್ಕನ ಮನೆಯ ಹಾದಿ ಹಿಡಿದಳು. ಮಾಸ್ತರರು ಆಕೆಯ ಬೆನ್ನ ಹಿಂದೆ ಎರಡು ಹೆಜ್ಜೆ ಹಾಕಿ ನಿಂತರು. ತಡೆಯೋಣವೆಂದರೆ, ಒತ್ತಾಯ ಮಾಡಬಾರದು ಎಂದು ಊರೆಲ್ಲ ಸಾರಿದವರು ಅವರೇ.

ವಾಚನಾಲಯದಲ್ಲಿ ಮೈಕಿನ ಮುಂದೆ ನಿಂತು ಕಣ್ಣೆತ್ತಿದರೆ, ಮುಂದಿನ ಸಾಲಿನಲ್ಲಿ ಸುಂದ್ರವ್ವ. ಮಗ್ಗುಲಲ್ಲಿ ಆಕೆಯ ಅಕ್ಕ.

"ನಾ ಸೋತೇನಲ್ಲ, ಯಾಕ ಬಂದಿ?" ಮಾತು ಮೈಕಿನಲ್ಲೇ ಹೊರಬಿದ್ದು ಸಭೆಗೆಲ್ಲ ಕೇಳಿಸಿತು.

"ಯಾರೂ ಒತ್ತಾಯ ಮಾಡಲಿಲ್ಲಲ್ರಿ. ಅದಕ್ಕ ಬಂದೆ."

ಮಾಸ್ತರರು ಟವೆಲ್ಲಿನಿಂದ ಮುಖ ಒರೆಸಿಕೊಂಡರು. ಹೇಗೋ ಸಾವರಿಸಿಕೊಂಡು ಭಾಷಣ ಶುರುಮಾಡಿದರು. ಹತ್ತು ನಿಮಿಷವಾಗಿರಲಿಲ್ಲ, ಸುಂದ್ರವ್ವ ಗೊರಕೆ ಹೊಡೆಯತೊಡಗಿದಳು. ಅಕ್ಕ ತಿವಿಯಲು ಕೈಯೆತ್ತಿದಳು.

"ಬಿಡ್ರಿ ಅಕ್ಕಾರ," ಎಂದರು ಮಾಸ್ತರರು ಮೈಕಿನಲ್ಲೇ, "ಒತ್ತಾಯ ಬ್ಯಾಡ."